ವಾಸನೆ: ಆಕ್ಷೇಪಣೆ ಇಲ್ಲ

ಮಾರ್ಚ್ 4

ವೈದ್ಯರು ಬರೆದಿಡಿ ಎಂದಿದ್ದಾರೆ, ಅದಕ್ಕೇ ಈ ನೋಟ್‌ಬುಕ್ಕು. ದಿನಕ್ಕೆ ಎರಡು ಸಲ ನಾಲ್ಕು ಸೀಸೆ ಮೂಸಬೇಕು: ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ. ಒಂದೊಂದಕ್ಕೂ ಇಪ್ಪತ್ತು ಸೆಕೆಂಡು. ಏನು ತಿಳಿಯಿತೋ ಅದನ್ನು ಬರೆಯಬೇಕು, ತಿಳಿಯದಿದ್ದರೆ ಇಲ್ಲ ಎಂದು ಬರೆಯಬೇಕು. “ಮೂಗಿಗೂ ಪಾಠ ಹೇಳಿಕೊಡಬಹುದು. ಆದರೆ ಅದು ಸ್ವಲ್ಪ ಮೊಂಡು ವಿದ್ಯಾರ್ಥಿ,” ಎಂದರು.

ಲವಂಗ: ಇಲ್ಲ. ನಿಂಬೆ: ಇಲ್ಲ. ಗುಲಾಬಿ: ಇಲ್ಲ. ನೀಲಗಿರಿ: ಮೂಗಿನೊಳಗೆ ತಣ್ಣಗಾಯಿತು. ಅದು ತಂಪೇ ಹೊರತು ವಾಸನೆಯಲ್ಲವಂತೆ, ಲೆಕ್ಕಕ್ಕಿಲ್ಲ.

ಜನವರಿಯಲ್ಲಿ ಬಂದ ಜ್ವರ ಹತ್ತು ದಿನಕ್ಕೆ ಹೋಯಿತು, ಹೋಗುವಾಗ ಮೂಗಿನ ಕಸುಬನ್ನೂ ಕಟ್ಟಿಕೊಂಡು ಹೋಯಿತು. ಏಳು ವಾರವಾಯಿತು. ಮೂಗು ಇದ್ದಲ್ಲೇ ಇದೆ, ಕನ್ನಡಕ ಕೂರಿಸಲು ಅಡ್ಡಿಯಿಲ್ಲ.

ಬೇರೆ ಯಾವ ಕೆಲಸದಲ್ಲಿದ್ದರೂ ಇದು ದೊಡ್ಡ ವಿಷಯವಲ್ಲ. ನಾನಿರುವುದು ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ. ಪ್ರತಿದಿನ ಬೆಳಿಗ್ಗೆ ನೀರಿನ ಬಣ್ಣ, ಕದಡು, ಕ್ಲೋರಿನ್, ಎಲ್ಲವನ್ನೂ ಯಂತ್ರ ಹೇಳುತ್ತದೆ. ಕೊನೆಯ ಕಾಲಂ ಮಾತ್ರ ಯಂತ್ರದ್ದಲ್ಲ. ಇಪ್ಪತ್ತೊಂದು ವರ್ಷದಿಂದ ಅದು ನನ್ನ ಮೂಗಿನದು. ಏನೂ ತೊಂದರೆ ಇಲ್ಲದಿದ್ದರೆ “ವಾಸನೆ: ಆಕ್ಷೇಪಣೆ ಇಲ್ಲ” ಎಂದು ಬರೆದು ಸಹಿ ಹಾಕಬೇಕು. ಹಾಕುತ್ತಿದ್ದೇನೆ. ಸುಳ್ಳೇನೂ ಅಲ್ಲ, ನನಗಂತೂ ಯಾವ ಆಕ್ಷೇಪಣೆಯೂ ಇಲ್ಲ.

ವಿಷಯ ಗೊತ್ತಿರುವುದು ವೈದ್ಯರಿಗೆ ಮತ್ತು ಇವರಿಗೆ ಮಾತ್ರ. “ಆಫೀಸಲ್ಲಿ ಹೇಳ್ಬಿಡು,” ಎಂದರು ಇವರು, ಬಸ್ಸಿನ ಡ್ಯೂಟಿಗೆ ಶರ್ಟು ಹಾಕಿಕೊಳ್ಳುತ್ತಾ.

“ನೆಗಡಿ ಬಂತು ಅಂತ ಮೂಗು ಕೊಯ್ಸಿಕೊಳ್ಲಾ? ಮೇ ತಿಂಗಳಲ್ಲಿ ಹಿರಿಯ ರಸಾಯನಜ್ಞರ ಹುದ್ದೆ ಖಾಲಿ ಆಗತ್ತೆ. ಅಷ್ಟರಲ್ಲಿ ಸರಿ ಹೋಗತ್ತೆ.”

ಇವರು ಗುಂಡಿ ಹಾಕಿಕೊಂಡು ಡ್ಯೂಟಿಗೆ ಹೊರಟರು.

ಮಾರ್ಚ್ 7

ಲವಂಗ, ನಿಂಬೆ, ಗುಲಾಬಿ, ನೀಲಗಿರಿ: ಇಲ್ಲ, ಇಲ್ಲ, ಇಲ್ಲ, ತಂಪು.

ಸಂಜೆ ಮನೆಗೆ ಬಂದರೆ ಮಾವ ಬಾಗಿಲಲ್ಲೇ ಕಾಯುತ್ತಿದ್ದರು, ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಗಿಡಗಳು. ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಈಗ ಮುಂದಿನ ಕೋಣೆಯಲ್ಲಿ ಅವರೂ ಅವರ ಮೀನಿನ ತೊಟ್ಟಿಯೂ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದೇವೆ. ಮಾತ್ರೆ ತಗೊಂಡ್ರಾ, ಬಿಸಿನೀರು ಇದೆಯಾ, ಫ್ಯಾನ್ ಆರಿಸ್ಲಾ, ನಮ್ಮ ಮಾತು ಇಷ್ಟೇ. ಜಗಳವಿಲ್ಲ, ಮಾತೂ ಇಲ್ಲ.

“ಇದನ್ನ ತೊಳೆದು ಕೊಡ್ತೀಯಾ?” ಎಂದರು. “ಬರೀ ನೀರಲ್ಲಲ್ಲ. ಔಷಧಿ ಹಾಕಿ.”

ಮೀನಿಗೆ ಹಾಕುವ ಗಿಡಕ್ಕೆ ಔಷಧಿ ಏಕೆ ಎಂದು ಕೇಳಿದ್ದೇ ತಡ, ಕುರ್ಚಿ ಎಳೆದುಕೊಂಡು ಕುಳಿತರು. “ಹಿಂದಿನ ಸಲ ಅಂಗಡಿಯಿಂದ ತಂದಿದ್ದನ್ನ ಹಾಗೇ ನೆಟ್ಟೆ. ಆವಾಗ ಮೂವತ್ತು ಮರಿ ಇತ್ತು. ದಿನಾ ಎರಡು ಮೂರು ಕಮ್ಮಿ. ದೊಡ್ಡ ಮೀನೇ ತಿಂತಿದೆ ಅಂದ್ಕೊಂಡು ಪಾಪ ಅದನ್ನ ಬೇರೆ ಬಕೆಟ್ಟಿಗೆ ಹಾಕಿದೆ. ಆದ್ರೂ ಕಮ್ಮಿ ಆಗ್ತಾನೇ ಇತ್ತು. ಕೊನೆಗೊಂದಿನ ನೋಡ್ತೀನಿ, ಎಲೆ ಅಡಿಯಲ್ಲಿ ಒಂದು ಹುಳ ಕೂತಿದೆ, ಬಾಯಲ್ಲಿ ಮರಿ. ಏರೋಪ್ಲೇನ್ ಚಿಟ್ಟೆ ಇದ್ಯಲ್ಲ, ಅದರ ಮರಿಯಂತೆ. ನೀರೊಳಗೇ ಬೆಳೆಯೋದಂತೆ. ಗಿಡದ ಜೊತೆ ಬಾಡಿಗೆ ಇಲ್ಲದೆ ಬಂದು ಮೂವತ್ತೂ ಮರಿ ತಿಂದು ಹಾರಿಹೋಗೋ ಯೋಚನೆ ಅದಕ್ಕೆ.”

“ಆಮೇಲೆ?”

“ಹಾರಕ್ಕೆ ಬಿಡ್ಲಿಲ್ಲ.” ಗಿಡದ ಚೀಲ ನನ್ನ ಕೈಗಿಟ್ಟು, “ಊರಿಗೇ ನೀರು ಶುದ್ಧ ಮಾಡೋಳು ಮನೆಯಲ್ಲಿದ್ದಾಳೆ, ನಾನು ಯಾರ್ಯಾರನ್ನೋ ಕೇಳ್ತಾ ಕೂತಿದ್ದೆ,” ಎಂದರು.

ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೊಟ್ಟು ಒಂದು ಎಲೆಯ ಹಿಂಬದಿ ತೋರಿಸಿದರು. ಬರಿಗಣ್ಣಿಗೆ ಅದು ಒಣಗಿದ ಗೋಂದಿನ ಹನಿ. ಕನ್ನಡಿಯಲ್ಲಿ ಹದಿನೇಳು ಗಾಜಿನ ಮಣಿಗಳು, ಬಸವನಹುಳುವಿನ ಮೊಟ್ಟೆಗಳು. ಪ್ರತಿ ಮಣಿಯೊಳಗೂ ಒಂದು ಚುಕ್ಕೆ, ಆ ಚುಕ್ಕೆ ತಿರುಗುತ್ತಿದೆ. ನಿಧಾನವಾಗಿ, ನಿಲ್ಲದೆ, ಒಂದೇ ದಿಕ್ಕಿಗೆ. ನನಗೆ ನಂಬಲಾಗಲಿಲ್ಲ. ಇಪ್ಪತ್ತೊಂದು ವರ್ಷ ಸೂಕ್ಷ್ಮದರ್ಶಕದಲ್ಲಿ ನೀರು ನೋಡಿದವಳು ಇದನ್ನು ನೋಡಿರಲಿಲ್ಲ.

“ಕೀ ಕೊಟ್ಟವರು ಯಾರು ಅಂತ ನಾನೂ ಯೋಚಿಸ್ತಾ ಇದ್ದೀನಿ,” ಎಂದರು ಮಾವ.

ಮಾರ್ಚ್ 10

ಭಾನುವಾರ. ಸೀಸೆ: ಇಲ್ಲ.

ತಮಾಷೆಯೆಂದರೆ ಮೀನು ಸಾಕುವವರು ಗಿಡ ತೊಳೆಯಲು ಬಳಸುವ ಮೂರೂ ವಸ್ತು ನಮ್ಮ ಘಟಕದಲ್ಲೂ ಬಳಸುವವೇ. ಪಟಿಕ, ಪೊಟ್ಯಾಸಿಯಂ ಪರ್ಮಾಂಗನೇಟ್, ಬ್ಲೀಚು. ಬಚ್ಚಲಲ್ಲಿ ಮೂರು ಬಕೆಟ್ ಇಟ್ಟೆ. ಮಾವ ಸ್ಟೂಲಿನ ಮೇಲೆ ಸ್ಟಾಪ್‌ವಾಚ್ ಹಿಡಿದು ಕೂತರು, ಒಲಿಂಪಿಕ್ಸಿನ ತೀರ್ಪುಗಾರರ ಹಾಗೆ.

ಪಟಿಕದ ನೀರಿನಲ್ಲಿ ಒಂದು ಗಿಡ ರಾತ್ರಿಯೆಲ್ಲ ನೆನೆದಿತ್ತು. ಬಸವನಹುಳುಗಳು ಎಲೆಯ ಹಿಡಿತ ಬಿಟ್ಟು ತಳಕ್ಕೆ ಬಿದ್ದಿದ್ದವು. ಮೊಟ್ಟೆಯೊಳಗಿನ ಚುಕ್ಕೆಗಳು ನಿಂತಿದ್ದವು. ಗಿಡಕ್ಕೆ ಏನೂ ಆಗಿಲ್ಲ. ಪರ್ಮಾಂಗನೇಟಿನ ತಿಳಿ ನೇರಳೆ ನೀರಿನಲ್ಲಿ ಹತ್ತು ನಿಮಿಷ ಇಟ್ಟದ್ದು ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿತು. ಬ್ಲೀಚು ಒಂದು ಪಾಲಿಗೆ ನೀರು ಇಪ್ಪತ್ತು ಪಾಲು, ಎರಡು ನಿಮಿಷ. ದಪ್ಪ ಎಲೆಯದು ತಡೆದುಕೊಂಡಿತು, ಅಂಟಿದ್ದ ಪಾಚಿ ಸಂಜೆಯ ಹೊತ್ತಿಗೆ ಬಿಳಿಚಿಕೊಂಡಿತು. ರಿಬ್ಬನ್ನಿನ ಹಾಗೆ ಉದ್ದ ಎಲೆಯ ಗಿಡ ಮಾತ್ರ ಕೈಯಲ್ಲೇ ಲೋಳೆಯಾಯಿತು. ಒಂದೇ ಮದ್ದು, ಒಬ್ಬರಿಗೆ ಸ್ನಾನ, ಒಬ್ಬರಿಗೆ ಸಾವು. ಏಕೆ? ಎಲೆಯ ದಪ್ಪವೋ, ಮೇಲಿನ ಮೇಣವೋ? ನಾಳೆ ಪುಸ್ತಕ ನೋಡಬೇಕು.

ಬ್ಲೀಚಿನ ಗಿಡವನ್ನು ನಾಲ್ಕು ನೀರಿನಲ್ಲಿ ಜಾಲಿಸಿದೆ. ಮಾವ ಕೇಳಿದರು, “ವಾಸನೆ ಹೋಯ್ತಾ, ನೋಡಿದ್ಯಾ?”

“ಹೋಯ್ತು.”

ಅವರು ಒಂದು ಕ್ಷಣ ನನ್ನನ್ನೇ ನೋಡಿ ಸ್ಟಾಪ್‌ವಾಚ್ ನಿಲ್ಲಿಸಿದರು.

ಮಾರ್ಚ್ 13

ನಿಂಬೆ: ಹೌದು! ಖಂಡಿತ ಬಂತು, ಹುಳಿಹುಳಿ, ಮೂಗಿನ ಬುಡದಲ್ಲಿ.

ಆಮೇಲೆ ನೋಡಿದರೆ ಕೈಯಲ್ಲಿದ್ದದ್ದು ಲವಂಗದ ಸೀಸೆ. ಮುಚ್ಚಳ ಅದಲುಬದಲಾಗಿತ್ತು. ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರೆ, ನನ್ನ ಮೂಗಿಗೆ ನಾನೇ ಸವರಿಕೊಂಡೆ.

ಪಟಿಕದಲ್ಲಿ ನೆನೆಸಿದ ಗಿಡದಿಂದ ಹೊಸ ಎಲೆ ಬಂದಿದೆ. ಸುರುಳಿ ಸುತ್ತಿಕೊಂಡಿದೆ, ಮಗುವಿನ ಕಿರುಬೆರಳಿನ ಹಾಗೆ.

ಮಾರ್ಚ್ 16

ಮಾವ ಬಹಳ ದಿನದಿಂದ ಆಸೆಪಟ್ಟಿದ್ದ ಗಿಡ ತಂದರು. ಕಪ್ಪು ಮರದ ತುಂಡಿಗೆ ದಾರದಿಂದ ಬಿಗಿದ ದಪ್ಪ ಎಲೆಯ ಗಿಡ. ಮರಕ್ಕೆ ಬೇರು ಅಪ್ಪಿಕೊಂಡಿದೆ, ಬಿಡಿಸಿದರೆ ಹರಿಯುತ್ತದೆ. ಮರದ ಸಮೇತ ಎರಡು ನಿಮಿಷ ಬ್ಲೀಚಿನಲ್ಲಿ ಅದ್ದಿ, ಆರು ನೀರಿನಲ್ಲಿ ಜಾಲಿಸಿದೆ. ಬ್ಲೀಚು ಕೊಲ್ಲುವ ಪುಡಿ, ಥಯೋಸಲ್ಫೇಟು, ಪ್ರಯೋಗಾಲಯದ ಕಪಾಟಿನಲ್ಲಿದೆ. ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿ ಮಾಡುವ ಪರೀಕ್ಷೆಯ ಮಾತ್ರೆಯೂ ಇದೆ. ಎರಡನ್ನೂ ತರಬಹುದಿತ್ತು. ತಂದರೆ ಮಾವ ಕೇಳುತ್ತಾರೆ, ಮೂಗಿರುವಾಗ ಮಾತ್ರೆ ಏಕೆ ಎಂದು. ತರಲಿಲ್ಲ.

“ವಾಸನೆ ನೋಡಿದ್ಯಾ?”

“ನೋಡಿದೆ, ಮಾವ. ಏನೂ ಇಲ್ಲ.”

“ಸರಿಯಾಗಿ?”

“ಸರಿಯಾಗಿ.”

ತೊಟ್ಟಿಗೆ ಇಳಿಸಿದೆವು. ಚೆನ್ನಾಗಿ ಕಾಣುತ್ತದೆ.

ಮಾರ್ಚ್ 17

ನಾಲ್ಕು ಮೀನು ಹೋದವು. ಬೆಳಿಗ್ಗೆ ಎದ್ದಾಗ ಉಳಿದ ಏಳೂ ಮೇಲ್ಮೈಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದವು. ಮಾವ ಅವನ್ನು ಬಕೆಟ್ಟಿಗೆ ಹಾಕಿ, ಮರದ ತುಂಡನ್ನು ಮೇಲೆತ್ತಿ ಮೂಗಿನ ಹತ್ತಿರ ಹಿಡಿದರು. ಮುಖ ಹಿಂದಕ್ಕೆ ಎಳೆದುಕೊಂಡರು. ಮರ ಬ್ಲೀಚು ಕುಡಿದಿತ್ತು, ರಾತ್ರಿಯೆಲ್ಲ ತೊಟ್ಟಿಗೆ ಬಿಟ್ಟಿದೆ. ರಸಾಯನಶಾಸ್ತ್ರದ ಮೊದಲ ವರ್ಷದವರಿಗೂ ಗೊತ್ತಿರುವ ವಿಷಯ.

ಸತ್ತವುಗಳಲ್ಲಿ ಅವರು ‘ಮ್ಯಾನೇಜರ್’ ಎಂದು ಕರೆಯುತ್ತಿದ್ದ ಮೀನೂ ಒಂದು. ಆರು ವರ್ಷದ್ದು.

ಮಾವ ತುಂಡನ್ನು ನನ್ನ ಮುಖದ ಮುಂದೆ ಹಿಡಿದರು. ನಾನು ಮೂಸಿದೆ. ಒದ್ದೆ, ತಂಪು, ಅಷ್ಟೇ.

ಮಾರ್ಚ್ 18

ಕೆಲಸದಿಂದ ಬಂದು ಅವರ ಕೋಣೆಗೆ ಹೋಗಿ ನಿಂತೆ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದು ಬಾಗಿಲಲ್ಲೇ ಮರೆತುಹೋಯಿತು.

“ಮಾವ, ನನಗೆ ವಾಸನೆ ಬರಲ್ಲ. ಜನವರಿಯಿಂದ.”

“ಗೊತ್ತು,” ಎಂದರು.

“ಇವರು ಹೇಳಿದ್ರಾ?”

“ಅವನು ಏನು ಹೇಳ್ತಾನೆ. ಫೆಬ್ರವರಿಯಲ್ಲಿ ಒಂದಿನ ಒಲೆ ಮೇಲೆ ಹಾಲು ಸೀದು ಕರಕಲಾಗಿತ್ತು. ನಾನು ಇಲ್ಲಿಂದ ಓಡಿ ಬಂದೆ. ನೀನು ಒಲೆಗೆ ಬೆನ್ನು ಹಾಕಿ ಪೇಪರ್ ಓದ್ತಾ ಇದ್ದೆ. ಆವತ್ತೇ ಗೊತ್ತಾಯ್ತು.”

ನನಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲಿ ಅವರ ಮೇಲೆ ಸಿಟ್ಟಾಗುವುದು ನ್ಯಾಯವೇ ಎಂದು ಈಗ ಅನಿಸುತ್ತದೆ, ಆಗ ಅನಿಸಲಿಲ್ಲ. “ಗೊತ್ತಿದ್ದೂ ನನ್ನನ್ನೇ ಯಾಕೆ ಕೇಳಿದ್ರಿ? ವಾಸನೆ ನೋಡಿದ್ಯಾ, ಸರಿಯಾಗಿ ನೋಡಿದ್ಯಾ ಅಂತ?”

ಮಾವ ತೊಟ್ಟಿಯ ಮುಚ್ಚಳ ಸರಿಪಡಿಸಿದರು. “ಕೇಳಿದ್ರೆ ಹೇಳ್ತೀಯ ಅಂತ ಕೇಳಿದೆ. ನಾನೇ ಒಂದು ಸಲ ಮೂಸಿ ನೋಡಿದ್ರೆ ಮುಗೀತಿತ್ತು. ನೀನು ಹೇಳೋ ತನಕ ನಾನೂ ಮೂಸಲ್ಲ ಅಂತ ಹಠ ಹಿಡಿದೆ. ಎಪ್ಪತ್ತಾರು ವರ್ಷ ಆಯ್ತು ನೋಡು ನನಗೆ. ನಾಲ್ಕರಲ್ಲಿ ಎರಡು ನನ್ನ ಲೆಕ್ಕಕ್ಕೆ ಬರ್ಕೊ.”

“ಮ್ಯಾನೇಜರ್ ಯಾರ ಲೆಕ್ಕಕ್ಕೆ?”

“ಅದು ಇಬ್ರದೂ.”

ಒಟ್ಟಿಗೇ ಹಿತ್ತಲಲ್ಲಿ ಗುಂಡಿ ತೋಡಿ, ನಿನ್ನೆಯಿಂದ ಮಾವ ಕಾಗದದಲ್ಲಿ ಸುತ್ತಿಟ್ಟಿದ್ದ ನಾಲ್ಕನ್ನೂ ಹೂತೆವು.

ಮಾರ್ಚ್ 20

ಬೆಳಿಗ್ಗೆ ಎಂಟಕ್ಕೆ ಇಂಜಿನಿಯರ್ ತಾವೇ ಪ್ರಯೋಗಾಲಯಕ್ಕೆ ಬಂದರು. ಸಾಮಾನ್ಯವಾಗಿ ಕರೆಸುತ್ತಾರೆ, ಬರುವುದಿಲ್ಲ. ಮೂರನೇ ಟ್ಯಾಂಕಿನ ಕಡೆಯ ಬೀದಿಗಳಿಂದ ದೂರು, ನೀರು ಮಣ್ಣು ಮಣ್ಣು ವಾಸನೆ ಬರುತ್ತಿದೆಯಂತೆ. ಮೂವತ್ತೊಂದು ಫೋನು.

ರಿಜಿಸ್ಟರ್ ತಿರುವಿದರು. “ನಿನ್ನೆ ಆಕ್ಷೇಪಣೆ ಇಲ್ಲ, ಮೊನ್ನೆ ಆಕ್ಷೇಪಣೆ ಇಲ್ಲ. ಹಾಗಾದ್ರೆ ಇಲ್ಲಿಂದ ಸರಿಯಾಗೇ ಹೋಗಿದೆ. ಪೈಪಲ್ಲೇ ಏನೋ ಆಗಿರ್ಬೇಕು, ಅಲ್ವಾ? ನಿಮ್ಮ ಮೂಗು ತಪ್ಪಲ್ಲ.”

ಅಲ್ವಾ ಎಂದು ಅವರೇ ಬಾಗಿಲು ತೆರೆದು ಕೊಟ್ಟಿದ್ದರು. ಹೌದು ಎಂದರೆ ಸಾಕಿತ್ತು, ನಾಳೆಯಿಂದ ಜನ ಬೀದಿ ಅಗೆಯುತ್ತಿದ್ದರು.

“ಪೈಪನ್ನ ಅಗೀಬೇಡಿ ಸರ್. ಆ ಕಾಲಂ ನಂಬಬೇಡಿ. ಜನವರಿಯಿಂದ ನನಗೆ ವಾಸನೆ ಗೊತ್ತಾಗ್ತಿಲ್ಲ.”

ಬಾಗಿಲ ಬಳಿ ಮಾದರಿ ಬಾಟಲಿ ಹಿಡಿದು ನಿಂತಿದ್ದ ಪಂಪಣ್ಣ ಮೂಗಿನ ಮೇಲೆ ಬೆರಳಿಡಲಿಲ್ಲ ಅಷ್ಟೇ. ಪಂಪ್ ಹೌಸಿನಲ್ಲಿ ಮೂವತ್ತು ವರ್ಷವಾದ್ದರಿಂದ ಅವನನ್ನು ಎಲ್ಲರೂ ಕರೆಯುವುದು ಹಾಗೇ.

ಇಂಜಿನಿಯರ್ ಕೂಗಾಡಬಹುದು ಎಂದುಕೊಂಡಿದ್ದೆ. ಅವರು ಸ್ಟೂಲಿನ ಮೇಲೆ ಕೂತರು. “ಕ್ಲೋರಿನ್ ಸಿಲಿಂಡರ್ ಕೋಣೆಗೂ ಹೋಗ್ತಿದ್ರಾ? ಈ ಎರಡು ತಿಂಗಳು?”

“ವಾರಕ್ಕೆರಡು ಸಲ.”

“ಅಲ್ಲಿ ಲೀಕ್ ಆಗಿದ್ರೆ ನಿಮಗೆ ಮೊದಲು ಹೇಳೋದು ಮೂಗೇ ಅಲ್ವೇನ್ರೀ?” ಅವರ ಮುಖ ಬಿಳಿಚಿತ್ತು. “ಪಂಪಣ್ಣ ನಿಮ್ಮ ಹಿಂದೆ ಹಿಂದೆ ಬರ್ತಿರ್ತಾನೆ. ನೀವು ಆರಾಮಾಗಿ ಒಳಗೆ ಹೋದ್ರೆ ಅವನೂ ಧೈರ್ಯವಾಗಿ ಬರ್ತಾನೆ.”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನನ್ನ ಹುದ್ದೆ, ನನ್ನ ಮೇ ತಿಂಗಳು, ನನ್ನ ಮೂಗು. ಪಂಪಣ್ಣನ ಮುಖ ನೋಡಲು ಆಗಲಿಲ್ಲ.

ಹೇಳಿಕೆ ಬರೆದುಕೊಟ್ಟೆ. ನಲವತ್ತೆಂಟು ಸಹಿಗಳನ್ನು ದಿನಾಂಕದೊಂದಿಗೆ ಪಟ್ಟಿ ಮಾಡಿದೆ. ಒಂದು ವಾರ ಘಟಕಕ್ಕೆ ಬರಬೇಡಿ ಎಂದರು.

ಗೇಟಿನ ಹತ್ತಿರ ಪಂಪಣ್ಣ ಓಡಿ ಬಂದ. “ಅಕ್ಕಾ, ಬೈತೀನಿ ಅಂದ್ಕೊಂಡ್ರಾ? ಬೈತೀನಿ. ಇವತ್ತಲ್ಲ.”

ಮಾರ್ಚ್ 24

ಮನೆಯಲ್ಲಿದ್ದೇನೆ. ಗಿಡ ತೊಳೆಯುವುದು ಈ ಸಲ ಎಲ್ಲ ಕ್ರಮವಾಗಿ. ಥಯೋಸಲ್ಫೇಟನ್ನೂ ಮಾತ್ರೆಗಳನ್ನೂ ಅಂಗಡಿಯಿಂದ ಕೊಂಡು ತಂದೆ. ಪಟಿಕದಲ್ಲಿ ಒಂದು ರಾತ್ರಿ. ದಪ್ಪ ಎಲೆಯವಕ್ಕೆ ಮಾತ್ರ ಬ್ಲೀಚು, ಅದೂ ಬೇರಿಗೆ ತಾಗದ ಹಾಗೆ ತಲೆಕೆಳಗಾಗಿ ಹಿಡಿದು. ಜಾಲಿಸಿ, ಥಯೋಸಲ್ಫೇಟಿನ ನೀರಿನಲ್ಲಿ ಅದ್ದಿ, ಮತ್ತೆ ಜಾಲಿಸಿ, ಆ ನೀರನ್ನು ಗಾಜಿನ ಲೋಟಕ್ಕೆ ಹಿಡಿದು ಮಾತ್ರೆ ಹಾಕಿದೆ. ಮೊದಲ ಲೋಟ ತಿಳಿ ಗುಲಾಬಿ. ಎರಡನೆಯದು ಇನ್ನೂ ತಿಳಿ. ಮೂರನೆಯದು ಬರೀ ನೀರು.

“ನೀವೂ ಒಂದ್ಸಲ ಮೂಸಿ,” ಎಂದೆ.

ಮಾವ ಮೂಸಿದರು. “ನಿನ್ನ ಮಾತ್ರೆ ಹೇಳಿದ್ದು ನಿಜ.”

ಆ ಮರದ ತುಂಡನ್ನು ಏನು ಮಾಡುವುದು? ನನಗೆ ಕುತೂಹಲ, ಅದು ಎಷ್ಟು ದಿನ ಬ್ಲೀಚು ಬಿಡುತ್ತದೆ? ಬಕೆಟ್ಟಿನಲ್ಲಿ ಇಟ್ಟು ದಿನಾ ನೀರು ಬದಲಿಸಿ ಮಾತ್ರೆ ಹಾಕುತ್ತಿದ್ದೇನೆ. ಮೊದಲ ದಿನ ಕಡು ಗುಲಾಬಿ. ಇವತ್ತು ಆರನೇ ದಿನ, ಸುಳಿವು ಮಾತ್ರ ಇದೆ. ಗಿಡ ಸಾಯಲಿಲ್ಲ. ಮಾವ ಗೋಡೆಗೆ ಕಾಗದ ಅಂಟಿಸಿ ಬಣ್ಣದ ಪೆನ್ಸಿಲಿನಿಂದ ದಿನದಿನದ ಗುಲಾಬಿಯನ್ನು ತುಂಬುತ್ತಿದ್ದಾರೆ. ಇವರು ನೋಡಿ, “ಇಬ್ರೂ ಸ್ಕೂಲಿಗೆ ಸೇರ್ಕೊಂಡ್ರಾ?” ಎಂದರು.

ತೊಳೆದ ಗಿಡಗಳಿಗೆ ಹದಿನಾಲ್ಕು ದಿನ ಬೇರೆ ಟಬ್ಬಿನಲ್ಲಿ ವಾಸ. ಏನಾದರೂ ಉಳಿದಿದ್ದರೆ ಅಷ್ಟರೊಳಗೆ ಮೊಟ್ಟೆಯೊಡೆದು ಹೊರಗೆ ಬರುತ್ತದೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ. ಬೆಳಕು ಬಿದ್ದಾಗ ಎಲೆಗಳಿಂದ ಗುಳ್ಳೆಗಳ ಸರ ಏಳುತ್ತದೆ, ಮೋಡ ಬಂದರೆ ನಿಲ್ಲುತ್ತದೆ.

ಮಾರ್ಚ್ 28

ಕರೆ ಬಂತು. ಲಿಖಿತ ಎಚ್ಚರಿಕೆ, ಕಡತದಲ್ಲಿ ಇರುತ್ತದೆ. ಹಿರಿಯ ಹುದ್ದೆ ಈ ವರ್ಷ ನನಗಿಲ್ಲ. ಸಿಲಿಂಡರ್ ಕೋಣೆಗೆ ಪ್ರವೇಶವಿಲ್ಲ. ಇನ್ನು ಮುಂದೆ ವಾಸನೆಯ ಕಾಲಂಗೆ ಮೂರು ಜನ ಬೇರೆ ಬೇರೆಯಾಗಿ ಮೂಸಿ ಸಹಿ ಹಾಕಬೇಕು. ಆ ಪದ್ಧತಿ ಹೇಗಿರಬೇಕೆಂದು ಬರೆದುಕೊಡುವ ಕೆಲಸ ನನ್ನದು. ಇಪ್ಪತ್ತೊಂದು ವರ್ಷದಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ನನ್ನ ಮೂಗೇ ಪದ್ಧತಿಯಾಗಿತ್ತು.

ಬೇಸರವಾಯಿತು, ಸ್ವಲ್ಪ ಅತ್ತೆ. ಆಮೇಲೆ ಟಬ್ಬಿನ ನೀರು ಬದಲಿಸಿದೆ.

ಏಪ್ರಿಲ್ 2

ದೂರು ಬಂದ ಬೀದಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಬೇಕು. “ಮೂಗಿಲ್ಲದವರನ್ನೇ ಮೂಸೋ ಕೆಲಸಕ್ಕೆ ಹಾಕಿದಾರೆ, ನಮ್ಮ ಇಲಾಖೆ ಬಿಡಿ,” ಎಂದ ಪಂಪಣ್ಣ. ಬೈಯುವುದು ಇನ್ನೂ ಬಾಕಿ ಇಟ್ಟಿದ್ದಾನೆ.

ಇವತ್ತು ಇಪ್ಪತ್ತಾರು ಮನೆ. ಪ್ರತಿ ಬಾಗಿಲಲ್ಲೂ ಹೇಳಿದೆ: “ನನಗೆ ವಾಸನೆ ಬರಲ್ಲ, ನೀವೇ ನೋಡಿ ಹೇಳಿ. ಸ್ವಲ್ಪ ಬಿಸಿ ಮಾಡಿ, ಆವಾಗ ಚೆನ್ನಾಗಿ ಗೊತ್ತಾಗತ್ತೆ.” ಜನ ಮೊದಲು ಅನುಮಾನದಿಂದ ನೋಡುತ್ತಾರೆ, ಆಮೇಲೆ ಲೋಟ ತರುತ್ತಾರೆ.

ಒಬ್ಬ ಮೇಷ್ಟ್ರು: ಒದ್ದೆಯಾಗಿ ಒಣಗಿದ ಪುಸ್ತಕ. ದರ್ಜಿ: ತುಂಬ ದಿನ ಮುಚ್ಚಿಟ್ಟ ಟ್ರಂಕು. ನರ್ಸ್ ಒಬ್ಬರು ಯೋಚಿಸಿ: ಬೀಟ್‌ರೂಟ್ ಸಿಪ್ಪೆ. ಅಣ್ಣತಮ್ಮಂದಿರಿಬ್ಬರು ಪಾಚಿ, ಅಲ್ಲ ಮಣ್ಣು, ಎಂದು ಜಗಳವಾಡಿದರು. ಅವರ ತಾಯಿ ಒಳಗಿನಿಂದ, “ಎರಡೂ ಅಲ್ಲ, ನಿಮ್ಮ ಸಾಕ್ಸು,” ಎಂದರು. ಹತ್ತೊಂಬತ್ತನೇ ಮನೆಯ ಅಜ್ಜ ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿ, “ಚೆನ್ನಾಗಿದ್ಯಲ್ಲಮ್ಮಾ, ಇದನ್ಯಾಕೆ ತೆಗೀತೀರಿ?” ಎಂದರು.

ಒಂದೇ ವಸ್ತು, ಇಪ್ಪತ್ತಾರು ಬಗೆ. ನಾನು ಇಷ್ಟು ವರ್ಷ ಇದನ್ನು ಎರಡು ಪದದಲ್ಲಿ ಮುಗಿಸುತ್ತಿದ್ದೆ. ಎಲ್ಲವನ್ನೂ ಅವರವರ ಮಾತಿನಲ್ಲೇ ಬರೆದುಕೊಂಡೆ. ಶುರುವಾದದ್ದು ಮಾರ್ಚ್ ಒಂಬತ್ತರ ಆಸುಪಾಸು ಎಂದು ಹೆಚ್ಚಿನವರು ಹೇಳಿದರು. ಮೂರನೇ ಟ್ಯಾಂಕಿಗೆ ನೀರು ಬರುವ ಜಲಾಶಯದಲ್ಲಿ ಮಟ್ಟ ಇಳಿದು ಪಾಚಿ ಹೆಚ್ಚಿದ ವಾರ ಅದು, ಮಣ್ಣು ವಾಸನೆ ಆ ಪಾಚಿಯದೇ. ನಾನು ಸರಿಯಾಗಿದ್ದಿದ್ದರೆ ಅವತ್ತೇ ತಿಳಿಯುತ್ತಿತ್ತು. ವರದಿಯಲ್ಲಿ ಹಾಗೆಯೇ ಬರೆದೆ. ನಾಳೆಯಿಂದ ನೀರಿಗೆ ವಾಸನೆ ಹೀರುವ ಇದ್ದಿಲ ಪುಡಿ ಸೇರಿಸುತ್ತಾರೆ.

ಏಪ್ರಿಲ್ 7

ಟಬ್ಬಿನಲ್ಲಿ ಹದಿನಾಲ್ಕು ದಿನ ಮುಗಿಯಿತು. ಹುಳವಿಲ್ಲ, ಮೊಟ್ಟೆಯಿಲ್ಲ. ಬೇರುಗಳು ಹೊಸದಾಗಿ ಬಿಳಿ ನೂಲು ಬಿಟ್ಟಿವೆ. ಬೆಳಿಗ್ಗೆ ಮಾವನೂ ನಾನೂ ತೊಟ್ಟಿಗೆ ನೆಟ್ಟೆವು, ಅವರು ಹೇಳುತ್ತಾ ಹೋದರು, ನಾನು ಚಿಮಟದಿಂದ ಮರಳಿಗೆ ಚುಚ್ಚುತ್ತಾ ಹೋದೆ. “ಎಡಕ್ಕೆ. ಇನ್ನೂ ಸ್ವಲ್ಪ. ಅಷ್ಟಲ್ಲ, ಕೂದಲೆಳೆಯಷ್ಟು.” ಏಳು ಮೀನುಗಳೂ ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಅರ್ಧ ಗಂಟೆಯ ಮೇಲೆ ಒಂದು ಬಂತು. ಎಲೆಯೊಂದನ್ನು ಕಚ್ಚಿತು, ಉಗುಳಿತು, ಹಿಂದೆ ಸರಿದು ನೋಡಿತು, ಮತ್ತೆ ಕಚ್ಚಿತು.

ಈ ಕೋಣೆಗೆ ಯಾವ ವಾಸನೆ ಎಂದು ನನಗೆ ಗೊತ್ತೇ ಇಲ್ಲ. ವಾಸನೆ ತಿಳಿಯುತ್ತಿದ್ದ ಕಾಲದಲ್ಲೂ ನಾನು ಇಲ್ಲಿ ಇಷ್ಟು ಹೊತ್ತು ಕೂತವಳಲ್ಲ.

“ಮಾವ, ತೊಟ್ಟಿಯಿಂದ ಎಂಥ ವಾಸನೆ ಬರತ್ತೆ? ಸರಿಯಾಗಿ ಹೇಳಿ, ಬರ್ಕೊಳ್ತೀನಿ.”

ಅವರು ಮುಚ್ಚಳ ಎತ್ತಿ ಬಗ್ಗಿದರು. “ಒದ್ದೆ ಕಲ್ಲು. ಸೌತೆಕಾಯಿ ಸಿಪ್ಪೆ, ಆಗ ತಾನೇ ತೆಗೆದದ್ದು. ಒಂಚೂರು ಕಬ್ಬಿಣ.”

“ಆಮೇಲೆ?”

“ಇರು. ಇನ್ನೊಂದೇನೋ ಇದೆ, ಹೆಸರು ನೆನಪಿಗೆ ಬರ್ತಿಲ್ಲ.”

“ನಿಧಾನವಾಗಿ ಹೇಳಿ, ಆತುರ ಇಲ್ಲ.”

ಎರಡೂ ಕೈಯನ್ನು ತೊಟ್ಟಿಯ ಅಂಚಿಗೆ ಊರಿ ಕಣ್ಣು ಮುಚ್ಚಿಕೊಂಡು ಮತ್ತೆ ಬಗ್ಗಿದ್ದಾರೆ. ಮೂಗು ನೀರಿಗೆ ತಾಗುವಷ್ಟು ಹತ್ತಿರ. ನಾನು ಪೆನ್ನು ಹಿಡಿದು ಕಾಯುತ್ತಿದ್ದೇನೆ.